ಏಳು ಸೀಟಿನ ಗಾಡಿ: ಹೊಸದಾ, ಸೆಕೆಂಡ್ ಹ್ಯಾಂಡಾ?

ನಮ್ಮ ಮನೆಯಲ್ಲಿ ಆರು ಜನ. ನಾನು, ನನ್ನ ಗಂಡ, ಇಬ್ಬರು ಮಕ್ಕಳು, ಅತ್ತೆ, ಮಾವ. ಐದು ಸೀಟಿನ ಕಾರಲ್ಲಿ ಎಲ್ಲರೂ ಹೊರಡಬೇಕಂದ್ರೆ ಒಬ್ಬರು ಮನೆಯಲ್ಲೇ ಉಳಿಯಬೇಕು, ಇಲ್ಲವೇ ಒಂದು ಮಗು ಬೆಲ್ಟ್ ಇಲ್ಲದೆ ಯಾರದಾದರೂ ತೊಡೆ ಮೇಲೆ ಕೂರಬೇಕು. ಎರಡನೆಯದಕ್ಕೆ ನಾನು ಒಪ್ಪುವವಳಲ್ಲ. ಹಾಗಾಗಿ ಮೂರು ಸಾಲಿನ ದೊಡ್ಡ ಎಸ್‌ಯುವಿ ಬೇಕು ಅನ್ನೋದು ಬೇಗ ತೀರ್ಮಾನವಾಯಿತು. ಹೊಸದಾ, ಸೆಕೆಂಡ್ ಹ್ಯಾಂಡಾ ಅನ್ನೋದು ಮಾತ್ರ ತಿಂಗಳುಗಟ್ಟಲೆ ಎಳೆಯಿತು.

ನನ್ನ ಕೇಳಿದರೆ ಇಷ್ಟು ಜನಕ್ಕೆ ಎಸ್‌ಯುವಿಗಿಂತ ವ್ಯಾನಿನ ಥರದ ಎಂಪಿವಿಯೇ ವಾಸಿ. ನೆಲ ತಗ್ಗು, ಹತ್ತಿ ಇಳಿಯೋದು ಸಲೀಸು, ಕೊನೇ ಸಾಲಿನಲ್ಲೂ ಕಾಲು ಚಾಚಬಹುದು. ಮನೆಯಲ್ಲಿ ಇದನ್ನು ಹೇಳಿಯೂ ನೋಡಿದೆ. ನನ್ನ ಗಂಡ ಮುಖ ಮಾಡಿದ ರೀತಿಗೇ ಆ ಮಾತು ಅಲ್ಲಿಗೆ ನಿಂತಿತು. ಇರಲಿ.

ಅವರದು ಹೊಸ ಗಾಡಿಯ ಪಕ್ಷ. "ವಾರಂಟಿ ಇರುತ್ತೆ. ಮೊದಲು ಯಾರು ಹೇಗೆ ಓಡಿಸಿದ್ರೋ ಅನ್ನೋ ತಲೆನೋವಿಲ್ಲ" ಅಂತ ಅವರ ವಾದ. ಮಾವನದು ಅದಕ್ಕೆ ಉಲ್ಟಾ. "ನೋಡಮ್ಮಾ, ಶೋರೂಮಿನ ಗೇಟು ದಾಟಿದ ಕೂಡಲೇ ಬೆಲೆ ಇಳಿಯೋಕೆ ಶುರು. ಆ ನಷ್ಟ ಬೇರೆ ಯಾರಾದ್ರೂ ಹೊತ್ಕೊಳ್ಳಲಿ, ನಾವ್ಯಾಕೆ?" ಇಬ್ಬರ ಮಾತೂ ಸರಿಯೇ. ಹೊಸ ಗಾಡಿಯ ಬೆಲೆ ಜಾಸ್ತಿ ಬೀಳೋದು ಮೊದಲ ಮೂರ್ನಾಲ್ಕು ವರ್ಷದಲ್ಲಿ. ಆಮೇಲೆ ಇಳಿತ ನಿಧಾನ. ಆದರೆ ಎಷ್ಟೋ ಗಾಡಿಗಳ ವಾರಂಟಿ ಮುಗಿಯೋದೂ ಸುಮಾರಾಗಿ ಅದೇ ಹೊತ್ತಿಗೆ. ಬೆಲೆ ಚೆನ್ನಾಗಿ ಇಳಿದ ಗಾಡಿ ಕೈಗೆ ಬರುವಾಗ ಕಂಪನಿಯ ಆಸರೆ ತಪ್ಪಿರುತ್ತೆ, ಇಲ್ಲವೇ ತಪ್ಪೋದರಲ್ಲಿರುತ್ತೆ.

ಹೊಸದು ಹಳೇದು ಆಮೇಲೆ, ಮೊದಲು ಯಾವ ಥರದ ಗಾಡಿ ನಮಗೆ ಒಗ್ಗುತ್ತೆ ಅಂತ ನೋಡೋಣ ಅಂದೆ. ಅದಕ್ಕೆ ಶೋರೂಮೇ ಅನುಕೂಲ, ಯಾರೂ ಬೇಡ ಅನ್ನಲ್ಲ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದೆ. ಸೇಲ್ಸ್ ಹುಡುಗ ದೊಡ್ಡ ಸ್ಕ್ರೀನ್, ಗಾಜಿನ ಛಾವಣಿ ತೋರಿಸುತ್ತಿದ್ದ. ನಾನು ಅತ್ತೆಯ ಮಂಡಿ ನೋಡುತ್ತಿದ್ದೆ.

ಮೊದಲು ಹತ್ತಿಸಿದ್ದು ಲ್ಯಾಡರ್ ಫ್ರೇಮ್ ಗಾಡಿಗೆ. ಟೊಯೋಟಾ ಲ್ಯಾಂಡ್ ಕ್ರೂಸರ್, ಫಾರ್ಚುನರ್ ಥರದವು ಈ ಜಾತಿ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು, ಅದರ ಮೇಲೆ ಬಾಡಿ. ಹಾಗಾಗಿ ಒಳಗಿನ ನೆಲವೇ ಎತ್ತರ. ಅತ್ತೆ ಒಂದು ಕೈಯಲ್ಲಿ ಹಿಡಿ ಹಿಡಿದು, ಮೆಟ್ಟಿಲಿನ ಮೇಲೆ ಎಡಗಾಲಿಟ್ಟರು. ಬಲಮಂಡಿ ಮಡಚಲಿಲ್ಲ. ತಿರುಗಿ ನಿಂತು ಹಿಂಬದಿಯಿಂದ ಕೂರಲು ನೋಡಿದರು. ಸೀಟು ಸೊಂಟಕ್ಕಿಂತ ಮೇಲಿತ್ತು. "ಇದಕ್ಕೆ ಹತ್ತೋದಕ್ಕಿಂತ ನಾನು ಮನೇಲೇ ಇರ್ತೀನಿ ಬಿಡು" ಅಂದರು. ಆ ಗಾಡಿಗಳು ಕಲ್ಲುದಾರಿಗೆ, ಭಾರದ ಟ್ರೈಲರ್ ಎಳೆಯೋಕೆ ಹೇಳಿ ಮಾಡಿಸಿದವು. ನಮಗೆ ಅವೆರಡೂ ಕೆಲಸ ಇಲ್ಲ.

ಬಾಡಿಯೂ ಫ್ರೇಮೂ ಒಂದೇ ಆಗಿರುವ ಮಾನೊಕಾಕ್ ಗಾಡಿಗಳು ಇನ್ನೊಂದು ಜಾತಿ. ವೋಲ್ವೊ ಎಕ್ಸ್‌ಸಿ90, ಹ್ಯುಂಡೈ ಪ್ಯಾಲಿಸೇಡ್ ಈ ಸಾಲಿನವು. ಕಿಯಾ ಸೊರೆಂಟೊ ಮೊದಲ ಪೀಳಿಗೆಯಲ್ಲಿ ಲ್ಯಾಡರ್ ಫ್ರೇಮ್ ಆಗಿತ್ತು, 2009ರ ಎರಡನೇ ಪೀಳಿಗೆಯಿಂದ ಮಾನೊಕಾಕ್ ಆಯಿತು. ಫೋರ್ಡ್ ಎಕ್ಸ್‌ಪ್ಲೋರರ್ ಕೂಡ 2011ರ ಮಾಡೆಲ್‌ನಿಂದ ಹಾಗೇ ಬದಲಾಯಿತು. ಕೊಳ್ಳುವವರಲ್ಲಿ ಹೆಚ್ಚಿನವರು ಸಂಸಾರ ಸಾಗಿಸುವವರೇ ಅಂತ ಕಂಪನಿಗಳಿಗೂ ಗೊತ್ತು. ಇಂಥದ್ದರಲ್ಲಿ ಅತ್ತೆ ಯಾರ ಕೈಯೂ ಹಿಡಿಯದೆ ಕೂತರು. ಲ್ಯಾಡರ್ ಫ್ರೇಮ್ ಗಾಡಿಗಳೆಲ್ಲ ಅಲ್ಲಿಗೇ ಪಟ್ಟಿಯಿಂದ ಹೊರಬಿದ್ದವು. ಗಂಡನಿಗೆ ಸ್ವಲ್ಪ ಬೇಜಾರಾಯಿತು.

ಆಮೇಲೆ ಮೂರನೇ ಸಾಲು. ಗಾಡಿ ನೋಡೋಕೆ ಬಂದವರೆಲ್ಲ ಸ್ಟೀರಿಂಗ್ ಹಿಂದೆ ಕೂತು ಖುಷಿಪಡುತ್ತಾರೆ, ಹಿಂದೆ ಹೋಗಿ ಕೂರುವವರು ಕಡಿಮೆ. ನಾನು ಹೋಗಿ ಕೂತೆ. ಕೆಲವದರಲ್ಲಿ ಸೀಟು ನೆಲಕ್ಕೆ ಅಂಟಿಕೊಂಡಂತೆ, ಮಂಡಿ ಎದೆಯ ಹತ್ತಿರ. ಒಂದರಲ್ಲಂತೂ ತಲೆಯ ಹಿಂದೆ ಕೈ ಹಾಕಿದರೆ ಡಿಕ್ಕಿಯ ಗಾಜೇ ಸಿಗುತ್ತಿತ್ತು. ಎಸಿ ಗಾಳಿ ಅಲ್ಲಿವರೆಗೆ ಬರುತ್ತಾ, ಬದಿಯ ಕರ್ಟನ್ ಏರ್‌ಬ್ಯಾಗ್ ಕೊನೇ ಸಾಲನ್ನೂ ಮುಚ್ಚುತ್ತಾ ಅಂತ ಕೇಳಿದರೆ ಸೇಲ್ಸ್ ಹುಡುಗ ಪುಸ್ತಕ ತಿರುವಿ ನೋಡಬೇಕಾಯಿತು. ಇದು ಎಲ್ಲ ಗಾಡಿಯಲ್ಲೂ ಒಂದೇ ಥರ ಇರಲ್ಲ.

ಚಿಕ್ಕವನ ಸೀಟನ್ನು ಕಾರಿನಿಂದ ಬಿಚ್ಚಿ ಜೊತೆಗೇ ಒಯ್ದಿದ್ದೆ. ಅದನ್ನು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಗಳು ಎಷ್ಟೋ ಗಾಡಿಗಳಲ್ಲಿ ಎರಡನೇ ಸಾಲಿನ ಎರಡು ಪಕ್ಕದಲ್ಲಿ ಮಾತ್ರ ಇರುತ್ತವೆ. ಅಲ್ಲಿ ಸೀಟು ಕಟ್ಟಿದಿರೋ, ಆ ಕಡೆಯ ಸೀಟನ್ನು ಮಡಚಿ ಹಿಂದೆ ದಾಟೋಕೆ ಆಗಲ್ಲ. ದೊಡ್ಡವಳು ಮೂರನೇ ಸಾಲಿಗೆ ಹೋಗೋದು ಎಲ್ಲಿಂದ? ಇದನ್ನು ಅಲ್ಲೇ ಕಟ್ಟಿ, ಮಡಚಿ, ಮಗಳನ್ನು ಹತ್ತಿಸಿ ನೋಡಿದ್ದಕ್ಕೇ ಗೊತ್ತಾಯಿತು. ಎರಡನೇ ಸಾಲಿನಲ್ಲಿ ಬಿಡಿ ಬಿಡಿಯಾಗಿ ಎರಡೇ ಸೀಟು, ನಡುವೆ ಓಡಾಡೋಕೆ ದಾರಿ ಇರುವ ಗಾಡಿ ನಮಗೆ ಸರಿಹೋಯಿತು. ಅದರಲ್ಲಿ ಕೂರೋಕೆ ಆರೇ ಜನಕ್ಕೆ ಜಾಗ, ಏಳನೆಯದು ಇಲ್ಲ. ನಮಗೆ ಅಷ್ಟು ಸಾಕು. ಐಸೊಫಿಕ್ಸ್‌ಗೆ ತೂಕದ ಮಿತಿಯೂ ಇದೆ, ಮಗು ಮತ್ತು ಸೀಟು ಸೇರಿ 33 ಕೆಜಿ. ಅದು ದಾಟಿದ ಮಕ್ಕಳಿಗೆ ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ಇಟ್ಟು ಗಾಡಿಯ ಬೆಲ್ಟನ್ನೇ ಹಾಕಬೇಕು.

ಮೂರನೇ ಸಾಲು ಎತ್ತಿದ ಮೇಲೆ ಡಿಕ್ಕಿಯಲ್ಲಿ ಉಳಿಯುವ ಜಾಗದ ಬಗ್ಗೆ ಏನೂ ಹೇಳದಿರೋದೇ ಒಳ್ಳೇದು. ನಿಂತ ಸೂಟ್‌ಕೇಸ್ ಹಿಡಿಸಿದರೆ ಪುಣ್ಯ.

ಮನೆಗೆ ಬಂದು ಲೆಕ್ಕಕ್ಕೆ ಕೂತೆವು. ಐದು ವರ್ಷ ಇಟ್ಟುಕೊಂಡರೆ ಒಟ್ಟು ಎಷ್ಟಾಗುತ್ತೆ ಅಂತ: ಕೊಂಡ ಬೆಲೆ, ಸಾಲದ ಬಡ್ಡಿ, ಇನ್ಶೂರೆನ್ಸ್, ಇಂಧನ, ಸರ್ವಿಸ್, ಟೈರು, ಕೊನೆಗೆ ಮಾರಿದರೆ ಬರುವುದನ್ನು ಕಳೆದು. ಹೊಸ ಗಾಡಿಯ ಕಡೆ ದೊಡ್ಡ ಖರ್ಚು ಇಂಧನವೂ ಅಲ್ಲ, ಸರ್ವಿಸ್ಸೂ ಅಲ್ಲ. ಬೆಲೆ ಇಳಿತವೇ. ಯಾರೂ ಬಿಲ್ ಕೊಟ್ಟು ಕೇಳದ ಖರ್ಚಾದ್ದರಿಂದ ಕಣ್ಣಿಗೆ ಬೀಳಲ್ಲ ಅಷ್ಟೇ. ಹಳೇ ಗಾಡಿಯ ಕಡೆ ಬಡ್ಡಿ ಚುಚ್ಚಿತು. ಸೆಕೆಂಡ್ ಹ್ಯಾಂಡ್ ಗಾಡಿಗೆ ಸಾಲದ ಬಡ್ಡಿ ಸಾಮಾನ್ಯವಾಗಿ ಜಾಸ್ತಿ, ತೀರಿಸೋ ಅವಧಿಯೂ ಕಡಿಮೆ. ಪೂರ್ತಿ ಸಾಲದಲ್ಲೇ ಕೊಳ್ಳುವುದಾದರೆ ಉಳಿತಾಯದಲ್ಲಿ ಒಂದು ಪಾಲು ಬ್ಯಾಂಕಿಗೇ ಹೋಗುತ್ತೆ. ನಮ್ಮ ಕೈಯಲ್ಲಿ ಅರ್ಧಕ್ಕಿಂತ ಜಾಸ್ತಿ ದುಡ್ಡಿತ್ತು, ಹಾಗಾಗಿ ತಕ್ಕಡಿ ಮಾವನ ಕಡೆ ವಾಲಿತು.

ಗಂಡ ಸುಲಭಕ್ಕೆ ಬಿಡಲಿಲ್ಲ. ಸುರಕ್ಷತೆಯ ವಿಷಯ ಎತ್ತಿದರು. ಅದು ತೂಕದ ಮಾತೇ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಯುರೋಪಿಯನ್ ಒಕ್ಕೂಟದಲ್ಲಿ ಎಲ್ಲ ಹೊಸ ಕಾರಿಗೂ ಕಡ್ಡಾಯವಾಗಿದ್ದು 2024ರ ಜುಲೈಯಲ್ಲಿ. ಗಾಡಿ ಜಾರಿದಾಗ ಹಿಡಿತಕ್ಕೆ ತರುವ ಇಎಸ್‌ಸಿ ಅಮೆರಿಕದಲ್ಲಿ ಕಡ್ಡಾಯವಾಗಿದ್ದು 2012ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ 2014ರಿಂದ. ಎತ್ತರದ ಗಾಡಿ ಪಲ್ಟಿ ಹೊಡೆಯೋದನ್ನು ತಡೆಯೋಕೆ ಈ ಇಎಸ್‌ಸಿ ತುಂಬಾ ಮುಖ್ಯ. ಇನ್ನೊಂದು, ಹಳೇ ಐದು ಸ್ಟಾರೂ ಇವತ್ತಿನ ಐದು ಸ್ಟಾರೂ ಒಂದೇ ಅಲ್ಲ. ಗಾಡಿಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ ತನ್ನ ಪರೀಕ್ಷೆಯನ್ನು ವರ್ಷ ಕಳೆದಂತೆ ಬಿಗಿ ಮಾಡುತ್ತಲೇ ಬಂದಿದೆ. ಸ್ಟಾರ್ ನೋಡುವಾಗ ಪಕ್ಕದಲ್ಲಿರೋ ಇಸವಿಯನ್ನೂ ನೋಡಬೇಕು. ಕೊನೆಗೆ ರಾಜಿಯಾದದ್ದು ಹೀಗೆ: ಹಳೇದಾದರೂ ನಾಲ್ಕೈದು ವರ್ಷಕ್ಕಿಂತ ಹಳೇದು ಬೇಡ. ಇಎಸ್‌ಸಿ, ತಾನಾಗಿ ಹಾಕುವ ಬ್ರೇಕು, ಕೊನೇ ಸಾಲಿನವರೆಗೆ ಕರ್ಟನ್ ಏರ್‌ಬ್ಯಾಗ್ ಇರಲೇಬೇಕು.

ಈ ರಾಜಿಯನ್ನು ಮುರಿಯೋಕೆ ಒಂದು ಗಾಡಿ ಬಂತು. ಎಂಟು ವರ್ಷದ ಐಷಾರಾಮಿ ಎಸ್‌ಯುವಿ. ಚರ್ಮದ ಸೀಟು, ಸ್ಪ್ರಿಂಗ್ ಬದಲು ಗಾಳಿ ಚೀಲದ ಮೇಲೆ ಕೂರುವ ಏರ್ ಸಸ್ಪೆನ್ಷನ್, ಬಾಗಿಲು ಹಾಕಿದರೆ ಹೊರಗಿನ ಸದ್ದೇ ಇಲ್ಲ. ಬೆಲೆ ನೋಡಿದರೆ ಹೊಸ ಸಣ್ಣ ಎಸ್‌ಯುವಿಗಿಂತ ಕಡಿಮೆ. ಮಾವನ ಕಣ್ಣೂ ಹೊಳೆಯಿತು. ನಮ್ಮ ಹಳೇ ಕಾರು ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಮೇಡಂ, ಗಾಡಿ ಬೆಲೆ ಇಳಿಯುತ್ತೆ. ಪಾರ್ಟ್ಸ್ ಬೆಲೆ ಇಳಿಯಲ್ಲ" ಅಂದರು.

ಅಷ್ಟೇ ಮಾತು. ಆದರೆ ಈ ಇಡೀ ವ್ಯವಹಾರದಲ್ಲಿ ನಾನು ಕೇಳಿದ ಅತಿ ಉಪಯೋಗದ ಮಾತು ಅದು. ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿತು ಅಂತ ಅದರ ಬ್ರೇಕ್ ಡಿಸ್ಕ್ ಅರ್ಧ ಬೆಲೆಗೆ ಸಿಗಲ್ಲ. ಎರಡು ಟನ್ನಿನ ಗಾಡಿ ನಿಲ್ಲಿಸೋಕೆ ದೊಡ್ಡ ಡಿಸ್ಕ್ ಬೇಕು, ಹೊರೋಕೆ ದೊಡ್ಡ ಟೈರ್ ಬೇಕು. ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲಗಳು ವಯಸ್ಸಾದಂತೆ ಬಿರುಕು ಬಿಡುತ್ತವೆ. ಗಾಳಿ ಸೋರಿದಷ್ಟೂ ಕಂಪ್ರೆಸರ್ ಜಾಸ್ತಿ ದುಡಿದು ಅದೂ ಕೆಡುತ್ತೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆ ಕುಸಿದಿದ್ದರೆ ಅದೇ ಗುರುತು. ದೊಡ್ಡ ಎಸ್‌ಯುವಿಯ ಖರ್ಚು ನಿರ್ಧಾರ ಆಗೋದು ಅದು ಹೊಸದಿದ್ದಾಗಿನ ಬೆಲೆಯ ಮೇಲೆ. ನಾವು ಎಷ್ಟು ಕೊಟ್ಟೆವು ಅನ್ನೋದು ವರ್ಕ್‌ಶಾಪಿನವರಿಗೆ ಸಂಬಂಧವಿಲ್ಲದ ವಿಷಯ. ಅವತ್ತಿಂದ ನನ್ನ ಅಳತೆಗೋಲು ಒಂದೇ: ಇದೇ ಗಾಡಿ ಹೊಸದಾಗಿದ್ದರೆ ಕೊಳ್ಳೋಕೆ ನಮಗೆ ಹೆಚ್ಚುಕಡಿಮೆ ಆಗುತ್ತಿತ್ತಾ? ಇಲ್ಲ ಅಂದರೆ ಹಳೇದೂ ಬೇಡ.

ಡೀಸೆಲ್ ಗಾಡಿಗಳೂ ಹೊರಗುಳಿದವು. ದೊಡ್ಡ ಎಸ್‌ಯುವಿ ಅಂದ್ರೆ ಡೀಸೆಲ್ಲೇ ಅನ್ನುವವರಿದ್ದಾರೆ. ಆದರೆ ನಮ್ಮದು ಶಾಲೆ, ಮಾರ್ಕೆಟ್ಟು, ಆಸ್ಪತ್ರೆ ಅಂತ ಚಿಕ್ಕ ಚಿಕ್ಕ ಓಡಾಟವೇ ಜಾಸ್ತಿ. ಈಗಿನ ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಕೂಡಿದ ಮಸಿ ಸುಟ್ಟುಹೋಗಬೇಕಂದ್ರೆ ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಎಂಜಿನ್ ಬಿಸಿಯಾಗೋ ಮೊದಲೇ ಆಫ್ ಮಾಡುವವರಿಗೆ ಅದು ಕಟ್ಟಿಕೊಳ್ಳುತ್ತೆ. ಹಳೇ ಡೀಸೆಲ್ ಕೊಂಡರೆ ಹಿಂದಿನವರು ಕಟ್ಟಿಸಿಟ್ಟ ಮಸಿಯೂ ನಮ್ಮದೇ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋಗೋದು ಒಂದು ಬೇರೆಯೇ ಲೋಕ. ಎಲ್ಲರದೂ "ಒಬ್ಬರೇ ಓಡಿಸಿದ್ದು ಮೇಡಂ, ಹಿರಿಯರು." ಒಂದರಲ್ಲಿ ಮೀಟರ್ ತುಂಬಾ ಕಡಿಮೆ ತೋರಿಸುತ್ತಿತ್ತು. ಬ್ರೇಕ್ ಪೆಡಲ್ಲಿನ ರಬ್ಬರ್ ನೋಡಿದರೆ ಗೆರೆಗಳೇ ಇಲ್ಲ, ನುಣ್ಣಗೆ ಸವೆದಿತ್ತು. ಡ್ರೈವರ್ ಸೀಟಿನ ಹೊರ ಅಂಚು ಕುಸಿದಿತ್ತು. ಡಿಜಿಟಲ್ ಮೀಟರನ್ನೂ ತಿರುಗಿಸುತ್ತಾರೆ. ಸರ್ವಿಸ್ ಬಿಲ್ಲುಗಳಲ್ಲಿನ ಕಿಲೋಮೀಟರ್ ಸಾಲಾಗಿ ಏರುತ್ತಾ ಬಂದಿದೆಯಾ ಅಂತ ನೋಡೋದೇ ದಾರಿ. ಅವರ ಹತ್ತಿರ ಬಿಲ್ಲೇ ಇರಲಿಲ್ಲ.

ಇನ್ನೊಂದು ಗಾಡಿ ಹೊರಗೆ ಫಳಫಳ. ಬಾಗಿಲು ತೆಗೆದರೆ ಸೆಂಟಿನ ವಾಸನೆ ಗಪ್ಪಂತ ಬಂತು. ಇಷ್ಟೊಂದು ಸೆಂಟು ಯಾಕಪ್ಪಾ ಅನ್ನಿಸಿ ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದೆ. ಬೆರಳಿಗೆ ತೇವ. ಗಾಜಿನ ಛಾವಣಿ ಇರೋ ಗಾಡಿಗಳಲ್ಲಿ ಮಳೆನೀರು ಇಳಿದುಹೋಗೋಕೆ ಮೂಲೆಗಳಲ್ಲಿ ಸಣ್ಣ ಕೊಳವೆಗಳಿರುತ್ತವೆ. ಅವುಗಳಲ್ಲಿ ಕಸ ಕಟ್ಟಿದರೆ ನೀರು ಒಳಗೇ ಇಳಿಯುತ್ತೆ. ಸೀಟಿನಡಿಯೇ ವೈರುಗಳು, ಕನೆಕ್ಟರುಗಳು. ಇಲ್ಲವೇ ಗಾಡಿ ನೆರೆನೀರಲ್ಲಿ ನಿಂತಿದ್ದೂ ಆಗಿರಬಹುದು. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡಿ, ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದೆಯಾ ಅಂತ. ಅಲ್ಲಿಯವರೆಗೆ ಯಾರೂ ತೊಳೆಯಲ್ಲ. ಅದರಲ್ಲಿ ಕೆಸರಿರಲಿಲ್ಲ, ಆದರೂ ಬೇಡ ಅಂದು ಬಂದೆವು.

ಮೂರನೆಯ ತಮಾಷೆ ಗಾಡಿಯ ಕಂಪ್ಯೂಟರಿನಲ್ಲಿರೋ ಎರರ್ ಓದುವ ಸ್ಕ್ಯಾನರಿನದು. ಮೆಕ್ಯಾನಿಕ್ ಅದನ್ನು ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸಿಕ್ಕಿಸಿದರು. ಒಂದೂ ಎರರ್ ಇಲ್ಲ. ನಾನು ಖುಷಿಯಾದೆ, ಅವರು ತಲೆ ಅಲ್ಲಾಡಿಸಿದರು. ಗಾಡಿಯ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಹಲವು ಮಾನಿಟರ್‌ಗಳಿವೆ. ಎರರ್ ಅಳಿಸಿದರೆ ಅವೂ ಮೊದಲಿನಿಂದ ಶುರುವಾಗಬೇಕು, ಅದಕ್ಕೆ ಸಾಕಷ್ಟು ಓಡಬೇಕು. ಇಲ್ಲಿ ಬಹಳಷ್ಟು ಮಾನಿಟರ್ "ಇನ್ನೂ ಸಿದ್ಧವಿಲ್ಲ" ಅಂತಿದ್ದವು. "ಈಗಷ್ಟೇ ಅಳಿಸಿ ನಿಲ್ಲಿಸಿದ್ದಾರೆ. ಇಲ್ಲಾಂದ್ರೆ ಬ್ಯಾಟರಿ ಬಿಚ್ಚಿದ್ದಾರೆ. ಯಾಕೆ ಅಂತ ಕೇಳಿ" ಅಂದರು. ಕೇಳಿದೆ. ಮಾರುವವರಿಗೆ ಇದ್ದಕ್ಕಿದ್ದಂತೆ ಫೋನ್ ಬಂತು.

ಇದರ ನಡುವೆ ಒಂದು ಹೊಸ ಗಾಡಿಯನ್ನು ಬುಕ್ ಮಾಡೋ ಹಂತಕ್ಕೂ ಹೋಗಿದ್ದೆವು. ಹೊಸ ಮಾಡೆಲ್ ಬರೋದಿತ್ತು, ಹಳೇ ಮಾಡೆಲ್ಲಿನ ಉಳಿದ ಸ್ಟಾಕಿಗೆ ಒಳ್ಳೇ ಡಿಸ್ಕೌಂಟ್ ಇತ್ತು. ಇದು ಕೆಟ್ಟ ವ್ಯವಹಾರವೇನಲ್ಲ, ತುಂಬಾ ವರ್ಷ ಇಟ್ಟುಕೊಳ್ಳುವವರಿಗೆ ಲಾಭವೇ. ಆದರೆ ನಡುವೆ ದಾರಿ ಇರುವ ಆರು ಸೀಟಿನ ಮಾದರಿ ಆ ಸ್ಟಾಕಿನಲ್ಲಿ ಉಳಿದಿರಲಿಲ್ಲ. ಇದ್ದದ್ದೆಲ್ಲ ಏಳು ಸೀಟಿನದೇ. ಅದು ಸಿಕ್ಕಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು ಅಂತ ಈಗಲೂ ಅನ್ನಿಸುತ್ತೆ.

ನಾವು ಕೊಂಡ ಗಾಡಿ ನಾಲ್ಕು ವರ್ಷದ್ದು. ಪೆಟ್ರೋಲ್, ಮಾನೊಕಾಕ್, ಮಧ್ಯಮ ದರ್ಜೆಯ ಮಾದರಿ, ಏರ್ ಸಸ್ಪೆನ್ಷನ್ ಇಲ್ಲ, ಗಾಜಿನ ಛಾವಣಿಯೂ ಇಲ್ಲ. ಮಾರುತ್ತಿದ್ದವರ ಮಕ್ಕಳು ದೊಡ್ಡವರಾಗಿ ಓದೋಕೆ ಬೇರೆ ಕಡೆ ಹೋಗಿದ್ದರು. ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಹೇಳಿದ್ದೆ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ತಣ್ಣಗಿನ ಎಂಜಿನ್ ಶುರುವಾಗೋ ಮೊದಲ ಕೆಲವು ಕ್ಷಣಗಳಲ್ಲೇ ಎಂಜಿನ್ ಒಳಗಿನ ಟೈಮಿಂಗ್ ಚೈನಿನ ಗಲಗಲ, ಸೈಲೆನ್ಸರಿನ ನೀಲಿ ಹೊಗೆ ಇದ್ದರೆ ಸಿಕ್ಕಿಬೀಳೋದು. ಬಿಸಿಯಾದ ಮೇಲೆ ಎಷ್ಟೋ ಕಾಯಿಲೆ ಅಡಗಿಬಿಡುತ್ತವೆ.

ನಾವು ಕೇಳೋ ಮೊದಲೇ ಅವರು ಒಂದು ಫೈಲ್ ಮುಂದಿಟ್ಟರು. ಮೊದಲ ಸರ್ವಿಸ್ಸಿನಿಂದ ಎಲ್ಲ ಬಿಲ್ಲುಗಳು. ಮಧ್ಯೆ ಒಂದನ್ನು ಎಳೆದು ತೋರಿಸಿ, "ಹಿಂದೆ ಬಲಗಡೆ ಒಬ್ಬರು ಬಂದು ಗುದ್ದಿದ್ರು, ಬಾಗಿಲಿನ ಹಿಂದಿನ ಭಾಗಕ್ಕೆ ಬಣ್ಣ ಹೊಡೆಸಿದೀವಿ" ಅಂದರು. ಮೆಕ್ಯಾನಿಕ್ ಬಣ್ಣದ ದಪ್ಪ ಅಳೆಯೋ ಮೀಟರ್ ತಂದಿದ್ದರು. ಬೇರೆಲ್ಲ ಕಡೆ 100ರಿಂದ 130 ಮೈಕ್ರಾನ್ ಸುತ್ತ ಬಂತು, ಫ್ಯಾಕ್ಟರಿ ಬಣ್ಣದ್ದು ಹಾಗೇ ಇರುತ್ತೆ. ಅವರು ಹೇಳಿದ ಜಾಗದಲ್ಲಿ ಮಾತ್ರ ಅದರ ಎರಡರಷ್ಟು. ಹೇಳಿದ್ದೂ ಅಳೆದದ್ದೂ ತಾಳೆಯಾಯಿತು. ನನಗೆ ಗಾಡಿಗಿಂತ ಮೊದಲು ಮಾರುವವರ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ಆಮೇಲೆ ಲಿಫ್ಟಿಗೆ ಹಾಕಿಸಿ ಕೆಳಗಿನಿಂದ ನೋಡಿದರು. ಹಿಂದೆ ಟ್ರೈಲರ್ ಕೊಕ್ಕೆ ಹಾಕಿದ್ದ ಗುರುತು ಹುಡುಕಿದರು. ಭಾರ ಎಳೆದ ಗಾಡಿಯ ಗೇರ್‌ಬಾಕ್ಸ್ ಬೇಗ ಸವೆಯುತ್ತೆ, ಹಿಂದಿನ ಬಂಪರ್ ಅಂಚಿನ ಗೀರು ನೋಡಿದರೆ ಸುಳಿವು ಸಿಗುತ್ತೆ ಅಂತೆ. ಏನೂ ಇರಲಿಲ್ಲ. ಗಾಡಿಯ 17 ಅಕ್ಷರದ ಗುರುತಿನ ಸಂಖ್ಯೆ ವಿಐಎನ್ ಹಾಕಿ, ರೀಕಾಲ್ ಅಂದ್ರೆ ದೋಷ ಸರಿಮಾಡೋಕೆ ಕಂಪನಿ ವಾಪಸ್ ಕರೆದದ್ದು ಬಾಕಿ ಇದೆಯಾ ಅಂತಲೂ ನೋಡಿದೆವು. ಇದನ್ನು ಯಾರೂ ಬಿಡಬಾರದು. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ಪ್ರಕರಣದಲ್ಲಿ ಬಿಸಿ, ತೇವಕ್ಕೆ ವರ್ಷಗಟ್ಟಲೆ ಸಿಕ್ಕಿ ಚೀಲ ಉಬ್ಬಿಸುವ ಒಳಗಿನ ರಾಸಾಯನಿಕ ಅಮೋನಿಯಂ ನೈಟ್ರೇಟ್ ಕೆಟ್ಟು, ಏರ್‌ಬ್ಯಾಗ್ ತೆರೆದಾಗ ಲೋಹದ ಚೂರು ಸಿಡಿದು ಜನ ಸತ್ತರು. ಕೋಟಿಗಟ್ಟಲೆ ಗಾಡಿಗಳನ್ನು ವಾಪಸ್ ಕರೆಸಬೇಕಾಯಿತು, 2017ರಲ್ಲಿ ಕಂಪನಿಯೇ ದಿವಾಳಿಯಾಯಿತು.

ಟೈರಿನಲ್ಲಿ ಒಂದು ಚೌಕಾಶಿ ಸಿಕ್ಕಿತು. ಟೈರಿನ ಪಕ್ಕದಲ್ಲಿ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 3219 ಅಂದ್ರೆ 2019ರ 32ನೇ ವಾರ. ಮುಂದಿನ ಎರಡು ಹೊಸವು, ಹಿಂದಿನ ಎರಡು ಗಾಡಿಯ ಜೊತೆ ಬಂದವು, ಸವೆದಿದ್ದವು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಟೈರ್ ಸವೆತ ಹೆಚ್ಚುಕಡಿಮೆ ಇದ್ದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಿ, ಶಕ್ತಿ ಹಂಚುವ ಭಾಗಕ್ಕೆ ಸುಮ್ನೆ ಹೊರೆ. ಹಾಗಾಗಿ ಎರಡು ಟೈರಿನ ಬೆಲೆ ಬಿಟ್ಟುಕೊಡಿ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು.

ಹೊಸ ಗಾಡಿ ಕೊಂಡಿದ್ದರೆ ಕೊಡಬೇಕಿದ್ದುದರಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿಟ್ಟೆವು, ಇದು ನನ್ನ ಷರತ್ತು. ವಾರಂಟಿ ಇಲ್ಲದ ಗಾಡಿಗೆ ಅದೇ ವಾರಂಟಿ. ಮೊದಲು ಹೋದದ್ದು ಟೈರಿಗೆ, ಬ್ಯಾಟರಿಗೆ, ಬ್ರೇಕ್ ಆಯಿಲಿಗೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತಲೇ ಇರುತ್ತೆ, ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಿದರೆ ಒಳ್ಳೇದು. ಮುಂದಿನದು ಗೇರ್‌ಬಾಕ್ಸ್ ಆಯಿಲ್. ಅದನ್ನು ಜನ್ಮದಲ್ಲೇ ಬದಲಿಸಬೇಕಿಲ್ಲ ಅನ್ನುವವರಿದ್ದಾರೆ. ಎಷ್ಟೋ ದೊಡ್ಡ ಎಸ್‌ಯುವಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಿ ಅನ್ನುತ್ತೆ. ನಮ್ಮ ಗಾಡಿ ಮುಂದಿನ ವರ್ಷ ಆ ಕಿಲೋಮೀಟರ್ ಮುಟ್ಟುತ್ತೆ. ಗಂಡ ಆಗಲೇ ಮೆಕ್ಯಾನಿಕ್ ಹತ್ತಿರ ಮಾತಾಡಿಟ್ಟಿದ್ದಾರೆ, ಹೊಸ ಗಾಡಿಯ ವಿಡಿಯೋ ನೋಡೋದನ್ನೇನೂ ಬಿಟ್ಟಿಲ್ಲ.